ತಾರ್ಲೆ ಬುಟ್ಟಿ

ಕಾರವಾರದ ಮೀನು ಪೇಟೆಗೆ ಹೋದವರ ಕಣ್ಣು ಮೊದಲು ಇಸವಾಣ, ಪಾಂಪ್ಲೆಟ್ ಕಡೆ ಹೊರಳುತ್ತದೆ. ನಾನು ಹುಡುಕುವುದು ತಾರ್ಲೆ ಬುಟ್ಟಿಯನ್ನು. ಮಂಗಳೂರಿನವರು ಬೂತಾಯಿ ಅನ್ನುತ್ತಾರಲ್ಲ, ಇಂಗ್ಲಿಷಿನ ಸಾರ್ಡೀನ್, ಅದೇ. ದೇಶದ ಊಟದಲ್ಲಿ ಕಡಲಿನ ಪಾಲು ಏನು ಅಂತ ತಿಳಿಯಲು ಗೇಣುದ್ದವೂ ಇಲ್ಲದ ಈ ಮೀನು ಸಾಕು.

ಮಳೆಗಾಲದ ಗಾಳಿಗೆ ನಮ್ಮ ಕರಾವಳಿಯ ಮೇಲ್ನೀರು ಆಚೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣನೆ ನೀರು ಏರಿ ಬರುತ್ತದೆ. ಅದರಲ್ಲಿ ಗೊಬ್ಬರದಂಥ ಲವಣಗಳಿರುತ್ತವೆ. ಬಿಸಿಲು ತಾಗಿತೋ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಲುಸಾಗಿ ಬೆಳೆಯುತ್ತದೆ. ತಾರ್ಲೆ ಮೇಯುವುದು ಹೆಚ್ಚಾಗಿ ಅದನ್ನೇ. ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುವಾಗ ಪ್ರತಿ ಮೆಟ್ಟಿಲಲ್ಲೂ ನೂರರಲ್ಲಿ ಸುಮಾರು 90 ಪಾಲು ಶಕ್ತಿ ಸೋರಿಹೋಗುತ್ತದೆ. ತಾರ್ಲೆ ಇರುವುದು ಕೆಳಗಿನ ಮೆಟ್ಟಿಲಲ್ಲೇ. ಅದಕ್ಕೇ ಒಳ್ಳೆಯ ವರ್ಷದಲ್ಲಿ ಅದು ರಾಶಿ ರಾಶಿ ಸಿಗುತ್ತದೆ, ಅಗ್ಗವಾಗಿಯೂ ಸಿಗುತ್ತದೆ.

ಅಗ್ಗ ಅಂತ ಕಡೆಗಣಿಸಬೇಡಿ. ಒಮೆಗಾ-3 ಕೊಬ್ಬು ಇದರಲ್ಲಿ ಜಾಸ್ತಿ. ವಿಟಮಿನ್ ಡಿ, ಬಿ12 ಇವೆ. ಮೆತ್ತಗಿನ ಮುಳ್ಳನ್ನೂ ಅಗಿದರೆ ಕ್ಯಾಲ್ಸಿಯಂ ಸಿಗುತ್ತದೆ. ದಿನವೂ ಬರೀ ಗಂಜಿ ಉಣ್ಣುವ ಮಗುವಿನ ತಟ್ಟೆಗೆ ಎರಡು ತಾರ್ಲೆ ಬಿದ್ದರೆ ಎಷ್ಟು ವ್ಯತ್ಯಾಸ ಅಲ್ವಾ?

2022-23ರಲ್ಲಿ ಭಾರತದ ಮೀನು ಉತ್ಪಾದನೆ ಸುಮಾರು 175 ಲಕ್ಷ ಟನ್. ಸಮುದ್ರದ್ದು ಅದರಲ್ಲಿ 44 ಲಕ್ಷ ಟನ್ ಮಾತ್ರ, ಉಳಿದದ್ದು ಕೆರೆ, ಹೊಳೆ, ಹೊಂಡಗಳದ್ದು. ಹಾಗಾದರೆ ಕಡಲ ಮೀನು ಕಡಿಮೆಯಾದರೂ ನಡೆಯುತ್ತದೆ ಅನ್ನಿಸಬಹುದು. ಆದರೆ ಹೊಂಡದಲ್ಲಿ ಸಾಕುವ ಸಿಗಡಿಯ ಮೇವಿಗೆ ಮೀನಿನ ಪುಡಿ ಬೇಕು. ಒಂದು ಕಿಲೋ ಪುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಹೋಗುತ್ತದೆ. ತಿನ್ನಬಹುದಾದ ತಾರ್ಲೆಯೂ ಹೀಗೆ ಕಾರ್ಖಾನೆ ಸೇರುತ್ತದೆ. ಆ ಮೇವು ತಿಂದ ಸಿಗಡಿಯಲ್ಲಿ ಬಹುಪಾಲು ವಿದೇಶಕ್ಕೆ ಹೋಗುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ಮೊದಲು ತಟ್ಟೆ, ಆಮೇಲೆ ಪುಡಿ.

ರಾಶಿ ಬಿದ್ದ ಮೀನನ್ನು ಉಳಿಸಿಕೊಳ್ಳುವ ದಾರಿ ನಮ್ಮ ಮೀನುಗಾರ ಹೆಂಗಸರಿಗೆ ಗೊತ್ತೇ ಇದೆ. ಉಪ್ಪು ಮೀನಿನೊಳಗಿನ ನೀರನ್ನು ಎಳೆಯುತ್ತದೆ, ಉಳಿದ ನೀರನ್ನು ಬಿಸಿಲು ಒಣಗಿಸುತ್ತದೆ. ನೀರಿಲ್ಲದೆ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಫ್ರಿಜ್ ಬೇಡ, ಕರೆಂಟ್ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಘಟ್ಟದ ಮೇಲೆ ಶಿರಸಿಯಲ್ಲಿ ಮಳೆ ಹೊಯ್ಯುತ್ತಿರುತ್ತದೆ. ಎಷ್ಟೋ ಮನೆಗಳಲ್ಲಿ ಮೇ ತಿಂಗಳ ಬಿಸಿಲುಂಡ ಒಣಮೀನು ಕೆಂಡದ ಮೇಲೆ ಸುಡುತ್ತಿರುತ್ತದೆ.