ಕ್ಲೋರಿನ್ ಸಿಕ್ಕರೆ ಫೆರಿಕ್, ಆಮ್ಲ ಸಿಕ್ಕರೆ ಫೆರಸ್: ಯಾಕೆ?

ಕಬ್ಬಿಣ ಎರಡು ಎಲೆಕ್ಟ್ರಾನ್ ಕಳೆದುಕೊಂಡರೆ ಫೆರಸ್ (2+), ಮೂರು ಕಳೆದುಕೊಂಡರೆ ಫೆರಿಕ್ (3+). ಮೊದಲು ಎರಡೂ ಕ್ರಿಯೆ ಬರೆದುಕೊಳ್ಳಿ.

2 ಕಬ್ಬಿಣ + 3 ಕ್ಲೋರಿನ್ → 2 ಫೆರಿಕ್ ಕ್ಲೋರೈಡ್

ಕಬ್ಬಿಣ + 2 ಹೈಡ್ರೋಕ್ಲೋರಿಕ್ ಆಮ್ಲ → ಫೆರಸ್ ಕ್ಲೋರೈಡ್ + ಹೈಡ್ರೋಜನ್

ಕಾಯಿಸಿದ ಕಬ್ಬಿಣದ ನಾರನ್ನು ಕ್ಲೋರಿನ್ ಜಾಡಿಗೆ ಇಳಿಸಿದರೆ ನಿಗಿನಿಗಿ ಹೊಳೆದು ಕಂದು ಹೊಗೆ ಏಳುತ್ತದೆ. ಆಮ್ಲದಲ್ಲಾದರೆ ಗುಳ್ಳೆ ಬರುತ್ತದೆ, ದ್ರಾವಣ ತಿಳಿ ಹಸಿರಾಗುತ್ತದೆ.

ತಲೆ ಕೆಡೋದು ಇಲ್ಲಿ

ಎರಡರಲ್ಲೂ ಕ್ಲೋರಿನ್ ಇದೆ ಅಲ್ವಾ? ಹಾಗಾದರೆ ಆಮ್ಲದಲ್ಲಿ ಕಬ್ಬಿಣ 3+ ಯಾಕೆ ಆಗುವುದಿಲ್ಲ?

ಕ್ಲೋರಿನ್ ಅನಿಲದ ಉತ್ಕರ್ಷಣ ಸಂಖ್ಯೆ (ಎಲೆಕ್ಟ್ರಾನ್ ಎಷ್ಟು ಕೊಟ್ಟಿದೆ ಅಥವಾ ಪಡೆದಿದೆ ಅನ್ನುವ ಲೆಕ್ಕ) 0. ಅದಕ್ಕೆ ಇನ್ನೂ ಎಲೆಕ್ಟ್ರಾನ್ ಬೇಕು. ಆಮ್ಲದಲ್ಲಿರುವುದು ಕ್ಲೋರೈಡ್, ಅಂದರೆ −1. ಅದು ಆಗಲೇ ಉಂಡು ಎಲೆ ಮಡಚಿಟ್ಟಿದೆ, ಕಬ್ಬಿಣದ ಎಲೆಕ್ಟ್ರಾನ್ ಅದಕ್ಕೆ ಬೇಡ. ಕಿತ್ತುಕೊಳ್ಳುವುದು ಹೈಡ್ರೋಜನ್ ಅಯಾನು ಮಾತ್ರ. ಗುಳ್ಳೆಯಾಗಿ ಬರುವುದೂ ಅದೇ ತಾನೇ?

ಆ ಅಯಾನಿಗೆ ಎಷ್ಟು ಶಕ್ತಿ? ಸ್ಟ್ಯಾಂಡರ್ಡ್ ರಿಡಕ್ಷನ್ ಪೊಟೆನ್ಷಿಯಲ್ ನೋಡಿ, ಅಂದರೆ ಎಲೆಕ್ಟ್ರಾನ್ ಸೆಳೆಯುವ ಬಲದ ಅಳತೆ; ಅಂಕಿ ಹೆಚ್ಚಿದ್ದಷ್ಟೂ ಸೆಳೆತ ಹೆಚ್ಚು. ಫೆರಸ್–ಕಬ್ಬಿಣ ಜೋಡಿಗೆ −0.44 ವೋಲ್ಟ್, ಹೈಡ್ರೋಜನ್‌ಗೆ 0. ಹಾಗಾಗಿ 2+ ತನಕ ಸಲೀಸು. ಫೆರಿಕ್–ಫೆರಸ್ ಜೋಡಿಗೆ ಮಾತ್ರ +0.77. ಸೊನ್ನೆಯಲ್ಲಿರುವ ಹೈಡ್ರೋಜನ್‌ಗೆ ಅದು ಎಟುಕುವುದಿಲ್ಲ. ಕ್ಲೋರಿನ್ 1.36, ಆರಾಮಾಗಿ ದಾಟುತ್ತದೆ.

“ಹೈಡ್ರೋಜನ್ ಬಿಡುಗಡೆಯಾಗುವುದರಿಂದ ಫೆರಿಕ್ ಕ್ಲೋರೈಡ್ ಆಗುವುದಿಲ್ಲ” ಅಂತ ಉತ್ತರ ಬರೆಯುವುದು ರೂಢಿ. ಅಂಕಕ್ಕೆ ಸಾಕು, ಅರ್ಥವಾಗೋಕೆ ಸಾಲದು.

0.77 ಒಂದೇ ನೆನಪಿಡಿ

ನನಗೆ ತುಂಬಾ ಇಷ್ಟವಾದ ಶಾರ್ಟ್‌ಕಟ್ ಇದು: ಎಲೆಕ್ಟ್ರಾನ್ ಸೆಳೆಯುವುದರ ಅಂಕಿ 0.77ಕ್ಕಿಂತ ಮೇಲಿದ್ದರೆ ಫೆರಿಕ್, ಕೆಳಗಿದ್ದರೆ ಫೆರಸ್. ಬ್ರೋಮಿನ್ 1.07, ಅದಕ್ಕೇ ಫೆರಿಕ್ ಬ್ರೋಮೈಡ್. ಅಯೋಡಿನ್ 0.54, ಅದಕ್ಕೆ ಫೆರಸ್ ಅಯೋಡೈಡ್‌ನಲ್ಲೇ ನಿಲ್ಲುತ್ತದೆ. ಫೆರಸ್ ಕ್ಲೋರೈಡ್ ದ್ರಾವಣಕ್ಕೆ ಕ್ಲೋರಿನ್ ಹಾಯಿಸಿದರೆ? ಹಸಿರು ಹೋಗಿ ಹಳದಿ-ಕಂದು, ಫೆರಿಕ್.

ತಿರುಗಿಸಿಯೂ ಬಳಸಬಹುದು. ತಾಮ್ರ 0.34, ಅಂದರೆ 0.77ಕ್ಕಿಂತ ಕೆಳಗೆ. ಆದ್ದರಿಂದ ಫೆರಿಕ್ ಕ್ಲೋರೈಡ್ ತಾಮ್ರವನ್ನು ಕರಗಿಸುತ್ತದೆ. ಎಲೆಕ್ಟ್ರಾನಿಕ್ಸ್ ಹುಡುಗರು ಪಿಸಿಬಿ ಎಚಿಂಗ್‌ಗೆ (ಸರ್ಕ್ಯೂಟ್ ಬೋರ್ಡಿನ ಬೇಡದ ತಾಮ್ರ ಕರಗಿಸಲು) ತರುವ ಕಂದು ದ್ರಾವಣ ಇದೇ. ಕಬ್ಬಿಣ ಇನ್ನೂ ಕೆಳಗಿದೆ, ಹಾಗಾಗಿ ಫೆರಿಕ್ ದ್ರಾವಣಕ್ಕೆ ಕಬ್ಬಿಣದ ಪುಡಿ ಹಾಕಿದರೆ ಎಲ್ಲ ವಾಪಸ್ ಫೆರಸ್:

2 ಫೆರಿಕ್ ಕ್ಲೋರೈಡ್ + ಕಬ್ಬಿಣ → 3 ಫೆರಸ್ ಕ್ಲೋರೈಡ್

ಲೆಕ್ಕ

5.6 ಗ್ರಾಂ ಕಬ್ಬಿಣ ಅಂದರೆ 0.1 ಮೋಲ್. ಸಾಕಷ್ಟು ಕ್ಲೋರಿನ್ ಇದ್ದರೆ 16.25 ಗ್ರಾಂ ಫೆರಿಕ್ ಕ್ಲೋರೈಡ್. ಸಾಕಷ್ಟು ಆಮ್ಲ ಇದ್ದರೆ 12.7 ಗ್ರಾಂ ಫೆರಸ್ ಕ್ಲೋರೈಡ್, ಜೊತೆಗೆ 0.1 ಮೋಲ್ ಹೈಡ್ರೋಜನ್. ಪ್ರಶ್ನೆಯಲ್ಲಿ ಬರೀ “ಕ್ಲೋರೈಡ್” ಅಂತ ಕೊಟ್ಟಿದ್ದರೆ, ಕಬ್ಬಿಣಕ್ಕೆ ಸೇರಿದ್ದು ಅನಿಲವೋ ಆಮ್ಲವೋ ಅಂತ ಮೊದಲು ನೋಡಿ, ಆಮೇಲೆ ಲೆಕ್ಕಕ್ಕೆ ಇಳಿಯಿರಿ.