ಟೆಂಡರ್ ಬರೆಯುವ ಮುನ್ನ ಭಾನುವಾರದ ರೋಟಾ ತನ್ನಿ

ನಮ್ಮೂರಿನಲ್ಲಿ ಟೆಂಡರ್ ಎಂದರೆ ಜಲ್ಲಿ, ಡಾಂಬರು, ಚರಂಡಿ. ಇಂಗ್ಲೆಂಡಿನಲ್ಲಿ ಎಂಬತ್ತು ದಾಟಿದ ಅಜ್ಜಿಯ ಮುಖ ತೊಳೆಸಿ, ಬಟ್ಟೆ ಬದಲಿಸಿ, ಮಾತ್ರೆ ನುಂಗಿಸಿ, ಓಟ್ಸ್ ಗಂಜಿ ಮಾಡಿಕೊಡುವುದಕ್ಕೂ ಟೆಂಡರ್ ಕರೆಯುತ್ತಾರೆ. ಇದನ್ನು ಫೋನಿನಲ್ಲಿ ಹೇಳಿದಾಗ ನನ್ನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನೂ ಕಡಿಮೆ ದುಡ್ಡು ಹೇಳಿದವರಿಗೇ ಕೊಡುತ್ತಾರೇನೇ?” ಎಂದು ಕೇಳಿದರು. “ಪೂರ್ತಿ ಹಾಗಲ್ಲಮ್ಮ” ಎಂದೆ. ಆ “ಪೂರ್ತಿ ಹಾಗಲ್ಲ” ಎಂಬುದರೊಳಗೇ ನನ್ನ ಈಗಿನ ಉದ್ಯೋಗವಿದೆ.

ದಾದಿಯಾಗಿ ಈ ದೇಶಕ್ಕೆ ಬಂದವಳು ನಾನು. ಆಮೇಲೆ ಮನೆ ಆರೈಕೆ ಸಂಸ್ಥೆಯೊಂದರ ನೋಂದಾಯಿತ ಮ್ಯಾನೇಜರ್ ಆದೆ. ಈಗ ಸಣ್ಣ ಸಂಸ್ಥೆಗಳಿಗೆ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಕರೆಯುವ ಟೆಂಡರ್ ಬರೆಯಲು ನೆರವಾಗುತ್ತೇನೆ. ನನ್ನ ಹಾಗೆ ಆಸ್ಪತ್ರೆಯ ಪಾಳಿಗಳಿಂದ ಬೇಸತ್ತು ಸ್ವಂತ ಸಂಸ್ಥೆ ತೆರೆದ ಕನ್ನಡಿಗರೂ ಬರುತ್ತಾರೆ. ಬಂದವರೆಲ್ಲ ಮೊದಲು ಕೇಳುವುದು ಮಾದರಿ ಉತ್ತರಗಳನ್ನು. ನಾನು ಕೇಳುವುದು ಕಳೆದ ಎರಡು ಭಾನುವಾರಗಳ ರೋಟಾವನ್ನು: ಯಾರು, ಎಷ್ಟು ಗಂಟೆಗೆ, ಯಾರ ಮನೆಗೆ ಹೋದರು ಎಂಬ ಪಟ್ಟಿ. ಟೆಂಡರಿನ ದರವೂ ಉತ್ತರಗಳೂ ಅದರಿಂದಲೇ ಹೊರಡಬೇಕು.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2014ರ ಕೇರ್ ಆಕ್ಟ್ ಪ್ರಕಾರ, ಅರ್ಹರ ಆರೈಕೆಯ ಅಗತ್ಯಗಳನ್ನು ಪೂರೈಸುವುದು ಸ್ಥಳೀಯ ಕೌನ್ಸಿಲ್‌ನ ಹೊಣೆ. ಮನೆ ಆರೈಕೆಯನ್ನು ಬಹುಪಾಲು ಕೌನ್ಸಿಲ್‌ಗಳು ಹೊರಗಿನ ಸಂಸ್ಥೆಗಳಿಂದ ಕೊಳ್ಳುತ್ತವೆ. ಸ್ನಾನ, ಶೌಚದಂಥ ಆರೈಕೆ ನೀಡುವ ಸಂಸ್ಥೆ ಆರೈಕೆಯ ಗುಣಮಟ್ಟ ತಪಾಸಿಸುವ ಕೇರ್ ಕ್ವಾಲಿಟಿ ಕಮಿಷನ್‌ನಲ್ಲಿ ನೋಂದಣಿಯಾಗಿರಲೇಬೇಕು. 2025ರ ಫೆಬ್ರುವರಿ 24ರಿಂದ ಹೊಸ ಖರೀದಿ ಕಾಯ್ದೆ ಜಾರಿಯಲ್ಲಿದೆ. ಆರೈಕೆ ಸೇವೆಗಳಿಗೆ ಅದರಲ್ಲಿ ಸಡಿಲ ನಿಯಮಗಳಿರುವುದರಿಂದ ಒಂದೊಂದು ಕೌನ್ಸಿಲ್‌ನ ಪದ್ಧತಿ ಒಂದೊಂದು ಥರ. ಪಕ್ಕದ ಕೌನ್ಸಿಲ್‌ನಲ್ಲಿ ಗೆದ್ದ ಕಡತವನ್ನು ಇಲ್ಲಿ ಹಾಗೆಯೇ ಅಂಟಿಸಿದರೆ ಓದುವವರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಒಮ್ಮೆ ಒಬ್ಬರು ಪಕ್ಕದ ಕೌನ್ಸಿಲ್‌ನ ಹೆಸರನ್ನೂ ಹಾಗೆಯೇ ಬಿಟ್ಟಿದ್ದರು.

ಹೆಚ್ಚಿನ ಟೆಂಡರ್‌ಗಳಲ್ಲಿ ಗೆದ್ದವರಿಗೆ ಸಿಗುವುದು ಫ್ರೇಮ್‌ವರ್ಕ್‌ನಲ್ಲಿ ಒಂದು ಸ್ಥಾನ, ಅಂದರೆ ಅನುಮೋದಿತ ಸಂಸ್ಥೆಗಳ ಪಟ್ಟಿಯಲ್ಲಿ ಒಂದು ಹೆಸರು. ಎಷ್ಟು ಗಂಟೆಗಳ ಕೆಲಸ ಬರುತ್ತದೆ ಎಂಬ ಖಾತರಿ ಸಾಮಾನ್ಯವಾಗಿ ಇರುವುದಿಲ್ಲ. ಛತ್ರದೊಳಗೆ ಬಿಟ್ಟುಕೊಂಡಿದ್ದಾರೆ, ಎಲೆ ಹಾಕುವ ಮಾತನ್ನು ಯಾರೂ ಆಡಿಲ್ಲ. ಇದನ್ನು ತಿಳಿಯದೆ ಒಬ್ಬರು ಗೆದ್ದ ವಾರವೇ ಸಿಹಿ ಹಂಚಿ, ಕಚೇರಿ ಬಾಡಿಗೆಗೆ ಹಿಡಿದು, ಇಬ್ಬರು ಸಂಯೋಜಕರನ್ನು ನೇಮಿಸಿಕೊಂಡರು. ನಾಲ್ಕು ತಿಂಗಳು ಒಂದೇ ಒಂದು ಮನೆ ಬರಲಿಲ್ಲ. ಆ ವಲಯದಲ್ಲಿ ಮೊದಲ ಆದ್ಯತೆಯ ಸಂಸ್ಥೆ ಬೇರೆಯಿತ್ತು. ಅದು ಬೇಡವೆಂದ ಕೆಲಸ ಮಾತ್ರ ಇವರ ಪಾಲಿಗೆ, ಅಂದರೆ ಊರಾಚೆಯ ಹಳ್ಳಿಗಳು ಮತ್ತು ಇಬ್ಬರು ಆರೈಕೆಗಾರರು ಒಟ್ಟಿಗೆ ಹೋಗಬೇಕಾದ ಮನೆಗಳು.

ಈಗ ದರದ ಮಾತು. ಗಂಟೆಗೆ ಎಷ್ಟು ಎಂದು ಕೇಳುವ ಖಾನೆಯಲ್ಲಿ ಬಹಳ ಜನ ಕೈ ಸುಟ್ಟುಕೊಳ್ಳುತ್ತಾರೆ. 2025-26ರ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್. ಅರ್ಧ ಗಂಟೆಯ ಎರಡು ಭೇಟಿಗಳನ್ನು ತೆಗೆದುಕೊಳ್ಳಿ. ಕೌನ್ಸಿಲ್ ಹಣ ಕೊಡುವುದು ಒಂದು ಗಂಟೆಗೆ. ಆದರೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಸಮಯವೂ ಕನಿಷ್ಠ ವೇತನದ ಲೆಕ್ಕಕ್ಕೆ ಸೇರುತ್ತದೆ. ಎರಡು ಭೇಟಿಗೆ ಹದಿನೈದು ನಿಮಿಷ ಪ್ರಯಾಣವೆಂದರೂ ನೀವು ಸಂಬಳ ಕೊಡುವುದು ಎಪ್ಪತ್ತೈದು ನಿಮಿಷಕ್ಕೆ, ಅಂದರೆ 15.26 ಪೌಂಡ್. ಅದಕ್ಕೆ ರಜೆಯ ವೇತನ ಶೇ 12.07 ಸೇರಿದರೆ 17.10. ಉದ್ಯೋಗದಾತರು ಸಂಬಳದ ಮೇಲೆ ಸರ್ಕಾರಕ್ಕೆ ಕಟ್ಟುವ ರಾಷ್ಟ್ರೀಯ ವಿಮೆ 2025ರ ಏಪ್ರಿಲ್‌ನಲ್ಲಿ ಶೇ 15ಕ್ಕೆ ಏರಿತು, ಅದು ಶುರುವಾಗುವ ಮಿತಿಯೂ ವರ್ಷಕ್ಕೆ 9,100 ಪೌಂಡ್‌ನಿಂದ 5,000ಕ್ಕೆ ಇಳಿಯಿತು. ವಾರಕ್ಕೆ ಮೂವತ್ತು ಗಂಟೆ ದುಡಿಯುವವರಿಗೆ ಇದು ಸಂಬಳದ ಶೇ 11ರಷ್ಟಾಗುತ್ತದೆ. ಈಗ 19ರ ಹತ್ತಿರ ಬಂದೆವು. ಪಿಂಚಣಿ, ಮೈಲಿಗೆ 45 ಪೆನ್ಸ್‌ನಂತೆ ನಾಲ್ಕು ಮೈಲಿ, ತರಬೇತಿ, ಕಾಯಿಲೆಯ ರಜೆ ಎಲ್ಲ ಸೇರಿ 22 ಪೌಂಡ್ ಆಸುಪಾಸು. ಕಚೇರಿಯ ದೀಪ ಇನ್ನೂ ಹೊತ್ತಿಲ್ಲ! ಮ್ಯಾನೇಜರ್, ಸಂಯೋಜಕರು, ರಾತ್ರಿ ಫೋನ್ ಎತ್ತುವವರು, ವಿಮೆ, ಸಾಫ್ಟ್‌ವೇರ್ ಎಲ್ಲವೂ ಬಾಕಿ. ಆರೈಕೆ ಸೇವೆಗೆ ವ್ಯಾಟ್ ವಿನಾಯಿತಿ ಇರುವುದರಿಂದ ನೀವು ಕೊಂಡ ವಸ್ತುಗಳ ಮೇಲೆ ತೆತ್ತ ವ್ಯಾಟ್ ಕೂಡ ವಾಪಸು ಬರುವುದಿಲ್ಲ.

ಮನೆ ಆರೈಕೆ ಸಂಸ್ಥೆಗಳ ಒಕ್ಕೂಟವಾದ ಹೋಮ್‌ಕೇರ್ ಅಸೋಸಿಯೇಷನ್ 2025-26ಕ್ಕೆ ಇಂಗ್ಲೆಂಡಿನ ಕನಿಷ್ಠ ದರ ಗಂಟೆಗೆ 32.14 ಪೌಂಡ್ ಎಂದು ಹೇಳಿದ್ದು ಸುಮ್ಮನೆ ಅಲ್ಲ. ಆದರೂ ನನ್ನ ಮೇಜಿಗೆ ಬರುವ ಟೆಂಡರ್‌ಗಳಲ್ಲಿ ಕೌನ್ಸಿಲ್ ಒಪ್ಪುವ ಗರಿಷ್ಠ ದರವೇ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. “ಮೊದಲು ಒಳಗೆ ಹೋಗೋಣ ಅಕ್ಕ, ಆಮೇಲೆ ದರ ಏರಿಸಿ ಎಂದು ಕೇಳೋಣ” ಎನ್ನುತ್ತಾರೆ. ಆಮೇಲೆ ಕೇಳಲು ಒಪ್ಪಂದದಲ್ಲಿ ಆ ಷರತ್ತು ಇರಬೇಕಲ್ಲ? ಕನಿಷ್ಠ ವೇತನ 2024ರ ಏಪ್ರಿಲ್‌ನಲ್ಲಿ 11.44 ಇತ್ತು, ಮರುವರ್ಷ 12.21 ಆಯಿತು, 2026ರ ಏಪ್ರಿಲ್‌ಗೆ 12.71 ಎಂದು ಗೊತ್ತುಮಾಡಿದರು. ದರ ಪರಿಷ್ಕರಣೆ ಕೌನ್ಸಿಲ್‌ನ ಮರ್ಜಿಗೆ ಬಿಟ್ಟದ್ದು ಎಂದು ಬರೆದಿರುವ ನಾಲ್ಕು ವರ್ಷಗಳ ಒಪ್ಪಂದಕ್ಕೆ, ಲೆಕ್ಕ ಹೊಂದದಿದ್ದರೆ, ಟೆಂಡರ್ ಹಾಕಲೇಬೇಡಿ ಎನ್ನುತ್ತೇನೆ. ನನ್ನ ಶುಲ್ಕ ತಪ್ಪುತ್ತದೆ, ತಪ್ಪಲಿ. ಕಡಿಮೆ ದರದಲ್ಲಿ ಗೆದ್ದವರು ಕೊನೆಗೆ ಕತ್ತರಿಸುವುದು ಪ್ರಯಾಣದ ನಿಮಿಷಗಳನ್ನೇ. ಅರ್ಧ ಗಂಟೆಯ ಭೇಟಿ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಅಜ್ಜಿಯ ಗಂಜಿ ಮೇಜಿನ ಮೇಲೆಯೇ ತಣ್ಣಗಾಗುತ್ತದೆ.

ಗುಣಮಟ್ಟದ ಉತ್ತರಗಳಿಗೆ ಬರೋಣ. ದರಕ್ಕೆ ಇಷ್ಟು, ಗುಣಮಟ್ಟಕ್ಕೆ ಇಷ್ಟು ಎಂದು ಅಂಕಗಳನ್ನು ಮೊದಲೇ ಹಂಚಿರುತ್ತಾರೆ. ಮುಖ್ಯ ಪ್ರಶ್ನೆಗಳಲ್ಲಿ ಒಂದು ಹೆಚ್ಚುಕಡಿಮೆ ಎಲ್ಲೆಡೆ ಬರುತ್ತದೆ: ಆರೈಕೆಗಾರರು ಇದ್ದಕ್ಕಿದ್ದಂತೆ ಬರಲಾಗದಿದ್ದರೆ ಭೇಟಿಗಳು ತಪ್ಪದಂತೆ ಹೇಗೆ ನೋಡಿಕೊಳ್ಳುತ್ತೀರಿ? ಹಾಸನ ಕಡೆಯ ಮಹಿಳೆಯೊಬ್ಬರು, ಸಣ್ಣ ಸಂಸ್ಥೆಯ ಒಡತಿ, ಇದಕ್ಕೆ ಬರೆದ ಉತ್ತರ “ನಮ್ಮ ಸಂಸ್ಥೆ ವ್ಯಕ್ತಿಕೇಂದ್ರಿತ, ಅತ್ಯುನ್ನತ ಗುಣಮಟ್ಟದ ಆರೈಕೆಗೆ ಬದ್ಧವಾಗಿದೆ” ಎಂದು ಶುರುವಾಗಿ ಹಾಗೆಯೇ ಮುಗಿದಿತ್ತು. ಹಿಂದಿನ ಟೆಂಡರಿನಲ್ಲಿ ಅದಕ್ಕೆ ಸಿಕ್ಕಿದ್ದು ಐದರಲ್ಲಿ ಎರಡು ಅಂಕ. ಕಾಗದ ಪಕ್ಕಕ್ಕಿಟ್ಟು ಕಳೆದ ಭಾನುವಾರ ಏನಾಯಿತೆಂದು ಕೇಳಿದೆ.

ಬೆಳಗ್ಗೆ 6.10ಕ್ಕೆ ಫೋನ್ ಬಂತಂತೆ. ಒಬ್ಬ ಆರೈಕೆಗಾರ್ತಿಯ ಮಗುವಿಗೆ ವಾಂತಿ, ಬರಲಾಗುವುದಿಲ್ಲ. ಆಕೆಯ ಪಾಲಿಗೆ ಹತ್ತು ಮನೆ. ಇವರು ಮೊದಲು ಪಟ್ಟಿಯಿಂದ ಎರಡು ಮನೆಗಳನ್ನು ಎತ್ತಿಕೊಂಡರು: 7.30ಕ್ಕೆ ಸರಿಯಾಗಿ ಮಾತ್ರೆ ನುಂಗಬೇಕಾದ ಪಾರ್ಕಿನ್ಸನ್ ರೋಗಿ, ಮತ್ತು ನರ್ಸ್ ಬಂದು ಇನ್ಸುಲಿನ್ ಚುಚ್ಚಿದ ಮೇಲೆ ತಿಂಡಿ ತಿನ್ನಲೇಬೇಕಾದ ಒಬ್ಬ ಅಜ್ಜ. ಇವೆರಡನ್ನು ಪಕ್ಕದ ಸರದಿಯವರಿಗೆ ಕೊಟ್ಟರು. ಬಟ್ಟೆ ಒಗೆಯುವ, ಸಾಮಾನು ತರುವ ಮೂರು ಭೇಟಿಗಳನ್ನು ಆ ಮನೆಯವರನ್ನೇ ಕೇಳಿ, ಒಪ್ಪಿದ ಮೇಲೆ ಮಧ್ಯಾಹ್ನಕ್ಕೆ ಸರಿಸಿದರು. ಉಳಿದ ಐದಕ್ಕೆ ತಾವೇ ಕಾರು ಹತ್ತಿದರು. 6.40ರ ಹೊತ್ತಿಗೆ ಎಲ್ಲ ಮನೆಗಳಿಗೂ ತಿಳಿಸಿ, ದಾಖಲಿಸಿ ಆಗಿತ್ತು. “ಇದನ್ನೆಲ್ಲ ಬರೆಯಬಹುದೇ? ಇದು ಬರೀ ಕೆಲಸ ಅಲ್ಲವೇ?” ಎಂದು ಕೇಳಿದರು. ಅದನ್ನೇ ಬರೆದೆವು. ಯಾರ ಹೆಸರೂ ಇಲ್ಲದೆ, ಸಮಯಗಳನ್ನು ಮಾತ್ರ ಇಟ್ಟು. ನಾಲ್ಕು ಅಂಕ ಬಂತು. ಒಂದು ಅಂಕ ಏಕೆ ಹೋಯಿತೆಂದರೆ, ಒಡತಿಯೇ ಕಾರು ಹತ್ತಿದರೆ ಕಚೇರಿಯಲ್ಲಿ ಫೋನ್ ಎತ್ತುವವರು ಯಾರು ಎಂಬುದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ನ್ಯಾಯವಾದ ಪ್ರಶ್ನೆ. ಆಮೇಲೆ ಆಕೆ ವಾರಾಂತ್ಯಕ್ಕೆ ಎರಡನೆಯವರೊಬ್ಬರನ್ನು ಗೊತ್ತುಮಾಡಿದರು.

ನೇಮಕಾತಿಯ ಪ್ರಶ್ನೆಗೆ ಎರಡು ವರ್ಷಗಳ ಹಿಂದೆ ಬಹಳ ಜನ “ಭಾರತದಿಂದ ಆರೈಕೆಗಾರರನ್ನು ಕರೆತರುತ್ತೇವೆ” ಎಂದು ಬರೆಯುತ್ತಿದ್ದರು. ವಿದೇಶದಿಂದ ಆರೈಕೆಗಾರರನ್ನು ಹೊಸದಾಗಿ ಕರೆತರುವ ಆ ವೀಸಾ ದಾರಿ 2025ರ ಜುಲೈ 22ಕ್ಕೆ ಮುಚ್ಚಿತು. ಹಳೆಯ ಕಡತದಿಂದ ಆ ಸಾಲು ಇನ್ನೂ ಇಣುಕುತ್ತಿದ್ದರೆ ಅಳಿಸಿ. ಈ ಊರಿನಲ್ಲೇ, ಯಾವ ಬಸ್ ಮಾರ್ಗದ ಆಸುಪಾಸಿನಲ್ಲಿ, ಎಷ್ಟು ಜನರನ್ನು, ಯಾವ ಪಾಳಿಗೆ ಹುಡುಕುತ್ತೀರಿ ಎಂದು ಹೇಳಿ.

ವಿಮೆ, ನೀತಿ ಪತ್ರಗಳು, ದತ್ತಾಂಶ ಸುರಕ್ಷತೆಯ ಪ್ರಮಾಣ ಇವೆಲ್ಲ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಇದರಲ್ಲಿ ಜಾಣ್ಮೆಗೆ ಜಾಗವಿಲ್ಲ. ಆದರೆ ಬೇರೆ ಸಂಸ್ಥೆ ಮಾಡುತ್ತಿದ್ದ ಕೆಲಸ ನಿಮಗೆ ಬರುವಂತಿದ್ದರೆ ಅವರ ಸಿಬ್ಬಂದಿಯೂ ಹಳೆಯ ಸಂಬಳ, ಷರತ್ತುಗಳ ಸಮೇತ ನಿಮ್ಮಲ್ಲಿಗೆ ಬರಬಹುದು. ಉದ್ಯೋಗ ವರ್ಗಾವಣೆ ಕುರಿತ 2006ರ ನಿಯಮಗಳು ಹಾಗೆ ಹೇಳುತ್ತವೆ. ಆ ಸಿಬ್ಬಂದಿಯ ವಿವರಗಳನ್ನು ದರ ಬರೆಯುವ ಮೊದಲೇ ಕೇಳಿ ತರಿಸಿಕೊಳ್ಳಿ.

ಗಡುವು ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡಕ್ಕೆ. 12.01ಕ್ಕೆ ಪೋರ್ಟಲ್ ಬಾಗಿಲು ಹಾಕಿಕೊಳ್ಳುತ್ತದೆ. ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಯಾರೋ ಕೇಳಿದ ಸ್ಪಷ್ಟೀಕರಣಕ್ಕೆ ಉತ್ತರವಾಗಿ ಕೌನ್ಸಿಲ್ ದರಪಟ್ಟಿಯ ಹೊಸ ಆವೃತ್ತಿಯನ್ನು ಪೋರ್ಟಲ್‌ಗೆ ಹಾಕಿತ್ತು. ಇಮೇಲ್ ಬಂದಿತ್ತು, ನಾನು ತೆರೆಯಲಿಲ್ಲ. ಹಳೆಯ ಪಟ್ಟಿಯನ್ನೇ ತುಂಬಿ, ಗಡುವಿಗೆ ಇಪ್ಪತ್ತು ನಿಮಿಷ ಮುಂಚೆ ಕಳಿಸಿ, ನೆಮ್ಮದಿಯಿಂದ ಚಹಾ ಕುಡಿದೆ. ಹಳೆಯ ಪಟ್ಟಿ ಎಂಬ ಕಾರಣಕ್ಕೆ ಟೆಂಡರ್ ತಿರಸ್ಕೃತವಾಯಿತು, ಆರು ವಾರಗಳ ಬರವಣಿಗೆಯನ್ನು ಯಾರೂ ಓದಲೇ ಇಲ್ಲ. ಆ ಸಂಸ್ಥೆಯವರಿಗೆ ಫೋನ್ ಮಾಡಿ ಹೇಳಿದ ಆ ಸಂಜೆ ನನಗೆ ಮರೆಯುವುದಿಲ್ಲ.

ಹಾಸನದ ಮಹಿಳೆಯ ಮುಂದಿನ ಟೆಂಡರಿನ ಗಡುವು ಶುಕ್ರವಾರ ಮಧ್ಯಾಹ್ನ ಹನ್ನೆರಡು ಗಂಟೆ. ಆಕೆಗೆ ಬುಧವಾರ ಸಂಜೆ ಎಂದು ಹೇಳಿಟ್ಟಿದ್ದೇನೆ.