ಕಾಮೇಗೌಡರ ಕಟ್ಟೆ, ಕುರಿಯ ಕಾಲು

ಮಳೆ ನೀರು ನಿಲ್ಲಿಸುವ ಕೆಲಸದಲ್ಲೇ ನನ್ನ ಇಪ್ಪತ್ತು ವರ್ಷ ಕಳೆದಿದೆ. ಮಂಡ್ಯ ಕಡೆಯ ಕಾಲೇಜಿಗೆ ಮಾತಾಡಲು ಹೋದಾಗಲೆಲ್ಲ ಹುಡುಗರು ಕೇಳುತ್ತಾರೆ, ‘ಸರ್, ನಿಮಗೆ ಸ್ಫೂರ್ತಿ ಯಾರು?’ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಅನ್ನುತ್ತೇನೆ. ಎಲ್ಲರಿಗೂ ಗೊತ್ತು. ಕುರಿ ಮೇಯಿಸುತ್ತಲೇ ಕುಂದಿನಿ ಬೆಟ್ಟದಲ್ಲಿ ಕಟ್ಟೆ ತೋಡಿದ ಅಜ್ಜ. 2020ರ ಜೂನ್‌ನಲ್ಲಿ ಪ್ರಧಾನಿ ರೇಡಿಯೊದಲ್ಲಿ ಹೊಗಳಿದ್ದು, 16 ಕಟ್ಟೆ ಅಂದಿದ್ದು, 2022ರ ಅಕ್ಟೋಬರ್‌ನಲ್ಲಿ ಗೌಡರು ತೀರಿಕೊಂಡಿದ್ದು, ಎಲ್ಲ ಹೇಳುತ್ತಾರೆ. ಬೆಟ್ಟದ ಮೇಲೆ ನೀರು ನಿಲ್ಲೋದು ಹೇಗೆ ಅಂದರೆ ಮಾತ್ರ ಸದ್ದಿಲ್ಲ.

ನನಗೂ ಅದು ತಿಳಿದಿದ್ದು ತಪ್ಪು ಮಾಡಿದ ಮೇಲೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾಗಮಂಗಲ ಕಡೆ ಒಂದು ಗೋಮಾಳದಲ್ಲಿ ಹೊಂಡ ತೋಡಿಸಿದೆ. ಜೆಸಿಬಿ ಎರಡೇ ದಿನದಲ್ಲಿ ಮುಗಿಸಿತು. ಅಂಚು ಗೋಡೆಯ ಹಾಗೆ ನೆಟ್ಟಗೆ, ಫೋಟೋಗೆ ಚೆಂದ. ಬೇಸಗೆಯಲ್ಲಿ ನೀರು ಅರ್ಧಕ್ಕೆ ಇಳಿದಾಗ ಒಂದು ಮರಿ ಜಾರಿ ಬಿತ್ತು. ಮೇಲೆ ಹತ್ತಲಾಗದೆ ಅಲ್ಲೇ ಸತ್ತಿತು. ಕುರಿ ಕಾಯುವ ಹಿರಿಯರು ಬೈಯಲಿಲ್ಲ. ‘ಸ್ವಾಮಿ, ಕುರಿ ಯಾವ ಕಡೆಯಿಂದ ಇಳೀಬೇಕು ಅಂತ ಯಾರನ್ನಾದ್ರೂ ಕೇಳಿದ್ರಾ?’ ಅಂದರು, ಅಷ್ಟೇ. ಮುಂದಿನ ಮಳೆಗಾಲ ಮುಗಿಯೋ ಹೊತ್ತಿಗೆ ಹೊಂಡದ ಅರ್ಧ ಹೂಳು.

ಕಾಮೇಗೌಡರು ಶುರು ಮಾಡಿದ್ದೇ ಕುರಿಯ ಬಾಯಾರಿಕೆಯಿಂದ. ಮೊದಲು ಕೋಲಿನಲ್ಲಿ ಕೆದಕಿದರು, ಆಮೇಲೆ ಕುರಿ ಮಾರಿ ಸಲಕರಣೆ ತಂದರು. ದಿನಾ ಕುರಿ ಹಿಂದೆ ಅದೇ ಬೆಟ್ಟ ಸುತ್ತುವವರಿಗೆ ಮಳೆ ನೀರು ಎಲ್ಲಿ ಹರಿಯುತ್ತದೆ, ಯಾವ ಜಾಗದಲ್ಲಿ ಹಸಿ ಉಳಿಯುತ್ತದೆ ಅಂತ ನಕ್ಷೆ ನೋಡಿ ತಿಳಿಯಬೇಕಾಗಿಲ್ಲ ಅಲ್ವಾ.

ಲೆಕ್ಕ ಕಷ್ಟದ್ದಲ್ಲ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಎಕರೆ ಅಂದರೆ ಸುಮಾರು 4,000 ಚದರ ಮೀಟರ್. ಒಂದು ಸಂಜೆ 20 ಮಿ.ಮೀ. ಸುರಿದರೆ ಎಕರೆಗೆ 80,000 ಲೀಟರ್. ಅದರಲ್ಲಿ ಕಾಲು ಭಾಗ ಹರಿದರೂ 20,000 ಲೀಟರ್, ಜೊತೆಗೆ ಮಣ್ಣು. ಅದಕ್ಕೇ ಇಳಿಜಾರಿನಲ್ಲಿ ಒಂದೇ ದೊಡ್ಡ ಹೊಂಡಕ್ಕಿಂತ ಸಾಲಾಗಿ ಸಣ್ಣ ಕಟ್ಟೆಗಳು ವಾಸಿ. ಮೇಲಿನದು ಕೋಡಿ ಬಿದ್ದರೆ ಕೆಳಗಿನದು ತುಂಬುತ್ತದೆ. ಹೂಳು ಬಹುಪಾಲು ಮೇಲಿನದರಲ್ಲೇ ಕೂರುತ್ತದೆ, ವರ್ಷಕ್ಕೊಮ್ಮೆ ಅದೊಂದನ್ನು ಎತ್ತಿದರೆ ಸಾಕು. ಒಂದು ಅಂಚನ್ನಾದರೂ ದನಕರು ನಡೆದು ಇಳಿಯುವಷ್ಟು ಓರೆ ಮಾಡಬೇಕು. ಕನ್ನಂಬಾಡಿ ನೀರು ಕುಡಿದ ನಮಗೆ ನೀರು ಅಂದರೆ ನಾಲೆ. ಮಳೆಯ ಲೆಕ್ಕ ಹಾಕೋದೇ ಮರೆತಿದ್ದೇವೆ.

ಅದೇ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿ ಉಳಿಸಿಕೊಂಡಿದ್ದಾರೆ. ಹೋದವರು ಸುಮ್ನೆ ತೆನೆಗಳ ಫೋಟೋ ಹೊಡೆದುಕೊಂಡು ಬರುತ್ತಾರೆ. ಬಿತ್ತನೆ ಭತ್ತ ವರ್ಷಗಟ್ಟಲೆ ಡಬ್ಬಿಯಲ್ಲಿದ್ದರೆ ಮೊಳೆಯೋದು ಕಮ್ಮಿ ಆಗುತ್ತದೆ. ಮತ್ತೆ ಮತ್ತೆ ಬಿತ್ತಲೇಬೇಕು. ಪ್ರತಿ ತಳಿಗೂ ಮಡಿ ಬೇರೆ, ಕೊಯ್ಲು ಬೇರೆ, ಚೀಲ ಬೇರೆ. ಬೆರಕೆ ತೆನೆ ಕಂಡರೆ ಕಿತ್ತು ಹಾಕಬೇಕು. ನನಗಂತೂ ಪ್ರಶಸ್ತಿ ಪಟ್ಟಿಗಿಂತ ಈ ಚೀಲಗಳನ್ನು ಬೆರೆಯದ ಹಾಗೆ ಇಡೋದು ಹೇಗೆ ಅನ್ನೋದೇ ದೊಡ್ಡ ವಿಷಯ.

ಹುಡುಗರಿಗೆ ಈಗ ಒಂದೇ ಮಾತು ಹೇಳುತ್ತೇನೆ. ಯಾರ ಕೆಲಸ ನೋಡಬೇಕು ಅನ್ನಿಸಿದರೂ ಜೂನ್ 5ರ ಪರಿಸರ ದಿನಕ್ಕೆ ಹೋಗಬೇಡಿ, ಏಪ್ರಿಲ್‌ನಲ್ಲಿ ಹೋಗಿ. ಕಟ್ಟೆ ಬತ್ತಿರಲಿ, ಗದ್ದೆ ಒಣಗಿರಲಿ, ಆಗ ಅವರು ಏನು ಮಾಡುತ್ತಿರುತ್ತಾರೆ ನೋಡಿ.

ನನ್ನ ಹೊಂಡ ಸರಿ ಮಾಡಿದ್ದೂ ಒಂದು ಏಪ್ರಿಲ್‌ನಲ್ಲೇ. ಟೇಪು ಹಿಡಿದು ನಿಂತಿದ್ದೆ. ಆ ಹಿರಿಯರು ನನ್ನ ಗುರುತಿನ ಗೂಟ ಕಿತ್ತು ಪಕ್ಕಕ್ಕಿಟ್ಟರು. ಮೂಡಲ ದಿಕ್ಕಿನ ಅಂಚಿಗೆ ಹೋಗಿ ಕೋಲಿನಿಂದ ಉದ್ದಕ್ಕೆ ಒಂದು ಗೆರೆ ಎಳೆದು, ‘ಇಲ್ಲಿಂದ ಇಳಿಸಿ, ಮಂದೆ ಬರೋದು ಈ ಕಡೆಯಿಂದ’ ಅಂದರು.